ಮೊಲದ ಮರಿ ತಿನ್ನೋದು ಬಿಟ್ಟಿದೆ, ಹಿಕ್ಕೆ ಹಿಂಭಾಗಕ್ಕೆಲ್ಲ ಅಂಟಿಕೊಂಡಿದೆ. ಡಾಕ್ಟ್ರೇ, ಏನು ಮಾಡಲಿ?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):
ನಮಸ್ಕಾರ ಡಾಕ್ಟ್ರೇ. ಮಗಳ ಹಟಕ್ಕೆ ಹುಬ್ಬಳ್ಳಿಯಿಂದ ಒಂದು ಬಿಳಿ ಮೊಲದ ಮರಿ ತಂದಿದ್ದೇವೆ. ಹೆಸರು ಹತ್ತಿ. ಎರಡು ತಿಂಗಳಾಗಿದೆ ಅಂತ ಅಂಗಡಿಯವರು ಹೇಳಿದ್ದು, ನೋಡಿದರೆ ಅಂಗೈಯಲ್ಲಿ ಕೂರುವಷ್ಟೇ ಇದೆ. ಕ್ಯಾರೆಟ್, ಕ್ಯಾಬೇಜ್ ಎಲೆ, ಮಾರಿ ಬಿಸ್ಕೀಟು, ಚೂರು ಹಾಲು ಕೊಡ್ತಾ ಇದ್ದೆವು. ಮೊಲಕ್ಕೆ ನೀರು ಕೊಟ್ಟರೆ ಸಾಯ್ತದೆ ಅಂತ ಅತ್ತೆ ಹೇಳಿದ್ದಕ್ಕೆ ನೀರು ಇಟ್ಟಿಲ್ಲ. ನಿನ್ನೆ ರಾತ್ರಿಯಿಂದ ಮೂಲೆಯಲ್ಲಿ ಮುದುಡಿ ಕೂತಿದೆ. ಹಿಕ್ಕೆ ಕಮ್ಮಿಯಾಗಿದೆ, ಬೆಳಿಗ್ಗೆ ನೋಡಿದರೆ ಹಿಂಭಾಗದ ಕೂದಲಿಗೆ ಕಪ್ಪಗೆ ಅಂಟಂಟಾಗಿ ಮೆತ್ತಿಕೊಂಡಿದೆ, ವಾಸನೆಯೂ ಇದೆ. ಮಗಳಿಗೆ ಜ್ವರ ಬಂದಾಗ ಕೊಟ್ಟ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ, ಎರಡು ಹನಿ ಹಾಕಲಾ? ಇಲ್ಲಿ ಮಳೆ ಬಿಟ್ಟೇ ಇಲ್ಲ, ಪೇಟೆಗೆ ಹೋಗೋದೂ ಕಷ್ಟ.

ಪಶುವೈದ್ಯರು:
ಮೊದಲು ಆ ಸಿರಪ್ ಬಾಟಲಿ ಮುಚ್ಚಿ ಮೇಲಿಡಿ ತಂಗಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಇವು ಯಾವುದನ್ನೂ ಮೊಲದ ಬಾಯಿಗೆ ಹಾಕಬಾರದು. ಮಕ್ಕಳಿಗೆ ಒಗ್ಗುವ ಔಷಧ ಮೊಲದ ಕರುಳಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಹೊಟ್ಟೆ ನೋವಿನಿಂದ ಸಾಯದ ಮರಿ ಔಷಧದಿಂದ ಸತ್ತಿದ್ದನ್ನು ನಾನು ನೋಡಿದ್ದೇನೆ.

ಈಗ ಬೇಗ ಹೇಳಿ: ಕೊನೆಯ ಸಲ ಏನಾದರೂ ತಿಂದದ್ದು ಯಾವಾಗ? ಕಿವಿ ಮುಟ್ಟಿದರೆ ತಣ್ಣಗಿದೆಯಾ? ಹೊಟ್ಟೆ ಮೆತ್ತಗಿದೆಯಾ, ಬಿಗಿದುಕೊಂಡು ಉಬ್ಬಿದೆಯಾ? ಹಲ್ಲು ಕಟಕಟ ಕಡಿಯುವ ಸದ್ದು ಬರ್ತಿದೆಯಾ? ಮೆತ್ತಿಕೊಂಡಿರುವುದರ ಫೋಟೋ ಹತ್ತಿರದಿಂದ ತೆಗೆದು ಹಾಕಿ.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಎರಡು ಕೊತ್ತಂಬರಿ ದಂಟು ತಿಂದದ್ದೇ ಕೊನೆ. ಕಿವಿ ಸ್ವಲ್ಪ ತಣ್ಣಗಿದೆ. ಹೊಟ್ಟೆ ಮೆತ್ತಗೇ ಇದೆ, ಹಲ್ಲಿನ ಸದ್ದು ಕೇಳಿಲ್ಲ. ಫೋಟೋ ಹಾಕಿದ್ದೇನೆ. ಒಂದು ಕಡೆ ಗೊಂಚಲು ತರಹ ಇದೆ, ಇನ್ನೊಂದು ಕಡೆ ನೀರು ನೀರಾಗಿ ಒಣಗಿದೆ.

ಪಶುವೈದ್ಯರು:
ಫೋಟೋ ನೋಡಿದೆ. ಅದರಲ್ಲಿ ಎರಡು ಬೇರೆ ಬೇರೆ ವಸ್ತು ಇವೆ, ಬಿಡಿಸಿ ಹೇಳ್ತೇನೆ.

ಎಡಗಡೆ ಕಾಣುವ, ಎಳೆ ಕಾಳುಮೆಣಸಿನ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡ ಹೊಳೆಯುವ ಸಣ್ಣ ಗುಂಡುಗಳು ಭೇದಿಯಲ್ಲ. ಮೊಲಕ್ಕೆ ಎರಡು ತರಹದ ಹಿಕ್ಕೆ ಇರುತ್ತದೆ. ಹಗಲಲ್ಲಿ ನೀವು ಗುಡಿಸುವ ಗಟ್ಟಿ ಒಣ ಗುಂಡು ಒಂದು. ರಾತ್ರಿ, ಬೆಳಗಿನ ಜಾವ ಬರುವ ಮೆತ್ತನೆಯದು ಇನ್ನೊಂದು. ಕುರುಡುಗರುಳು ಅಂತ ಕರೆಯುವ ದೊಡ್ಡ ಚೀಲ ಮೊಲದ ಜೀರ್ಣಾಂಗದ ಸುಮಾರು ಅರ್ಧ ಜಾಗ ಹಿಡಿದಿರುತ್ತದೆ. ಹುಲ್ಲು ಅಲ್ಲಿ ಹುಳಿತು ಪ್ರೋಟೀನ್, ಬಿ ವಿಟಮಿನ್ ಎಲ್ಲ ಸೇರಿದ ಆ ಮೆತ್ತನೆಯ ಗುಂಡಾಗಿ ಹೊರಬರುತ್ತದೆ. ಮೊಲ ಬಗ್ಗಿ ಅದನ್ನು ನೇರವಾಗಿ ಬಾಯಲ್ಲಿ ತೆಗೆದುಕೊಂಡು ನುಂಗುತ್ತದೆ. ಹೇಸಿಗೆ ಅಂತ ತಡೆಯಬೇಡಿ, ಅದೂ ಅದರ ಊಟವೇ. ತಿನ್ನದೆ ಬಿಟ್ಟು ಕೂದಲಿಗೆ ಮೆತ್ತಿಕೊಂಡಿದೆ ಅಂದರೆ ಪಿಷ್ಟ, ಸಕ್ಕರೆ ಜಾಸ್ತಿಯಾಗಿದೆ ಅಥವಾ ಬಗ್ಗಲಾರದಷ್ಟು ಸುಸ್ತಾಗಿದೆ.

ಬಲಗಡೆ ನೀರಾಗಿ ಒಣಗಿದ್ದು ಮಾತ್ರ ನಿಜವಾದ ಭೇದಿ. ನನಗೆ ಚಿಂತೆ ಇರುವುದು ಅದರದ್ದೇ. ಮರಿಗೆ ಹೀಗಾದಾಗ ಸಂಜೆಯವರೆಗೆ ನೋಡೋಣ ಅನ್ನಲು ಆಗುವುದಿಲ್ಲ. ಹನ್ನೆರಡು ತಾಸು ತಿನ್ನದಿದ್ದರೆ ಯಾವ ಮೊಲವಾದರೂ ತುರ್ತು ಕೇಸೇ. ಇಂದೇ ತಾಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಹೊರಡುವ ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಸಂಚಾರಿ ಘಟಕ ಮುಖ್ಯವಾಗಿ ದನಕರುಗಳಿಗೇ ಇರುವುದು, ಆದರೂ ಯಾವ ಡಾಕ್ಟರು ಎಲ್ಲಿದ್ದಾರೆ ಅಂತ ಗೊತ್ತಾದರೆ ಮಳೆಯಲ್ಲಿ ಸುಮ್ಮನೆ ಅಲೆಯೋದು ತಪ್ಪುತ್ತದೆ. ಹೋಗುವಾಗ ತಾಜಾ ಹಿಕ್ಕೆ, ನೀರಾಗಿರುವುದು, ಎರಡನ್ನೂ ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಅಂತ ನೀವೇ ಕೇಳಿ, ಸಂಕೋಚ ಬೇಡ.

ದಾರಿಯಲ್ಲಿ ತಣ್ಣಗಾಗಬಾರದು. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬೇಡವೆನಿಸಿದರೆ ದೂರ ಸರಿಯಲು ಜಾಗ ಇರಲಿ. ಮೊಲದ ಮೈ ಬಿಸಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು, 38ಕ್ಕಿಂತ ಇಳಿದರೆ ಅಪಾಯ. ಥರ್ಮಾಮೀಟರ್ ಹಾಕುವ ಸಾಹಸ ನೀವು ಮಾಡಬೇಡಿ, ಮರಿ ಒದ್ದಾಡಿ ಗಾಯವಾದೀತು. ಸ್ನಾನವಂತೂ ಬೇಡವೇ ಬೇಡ. ಹಿಂಭಾಗವನ್ನಷ್ಟೇ ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ನೊಣ ಮೊಟ್ಟೆ ಇಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ನೀರು ಇಡಿ, ಈಗಲೇ. ನಿಮ್ಮ ಅತ್ತೆಯವರು ಹೇಳಿದ ಮಾತು ನಮ್ಮಲ್ಲಿ ಮನೆಮನೆಯಲ್ಲಿದೆ. ದಿನವಿಡೀ ಹಸಿ ಹುಲ್ಲು ತಿನ್ನುವ ಕಾಡು ಮೊಲ ನೀರು ಕುಡಿಯುವುದನ್ನು ಯಾರೂ ಕಾಣದೆ ಹುಟ್ಟಿದ್ದಿರಬೇಕು. ಸಾಕಿದ ಮೊಲ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿ ಲೀಟರ್ ಕುಡಿಯುತ್ತದೆ. ಮಣ್ಣಿನ ಅಥವಾ ಪಿಂಗಾಣಿಯ ಭಾರದ ಬಟ್ಟಲು ಇಟ್ಟರೆ ಮಗುಚುವುದಿಲ್ಲ.

ಪ್ರಶ್ನೆ ಕೇಳಿದವರು:
ಹೊರಟಿದ್ದೇವೆ ಡಾಕ್ಟ್ರೇ. ಗಂಜಿ ತಿಳಿ ಸಿರಿಂಜಿನಲ್ಲಿ ಹಾಕಲಾ ಅಂತ ಅತ್ತೆ ಕೇಳ್ತಿದ್ದಾರೆ.

ಪಶುವೈದ್ಯರು:
ಬೇಡ. ಅನ್ನ, ಗಂಜಿ, ಬಿಸ್ಕೀಟು, ಬ್ರೆಡ್ ಎಲ್ಲ ಪಿಷ್ಟವೇ. ಈ ವಯಸ್ಸಿನ ಮರಿಗೆ ಪಿಷ್ಟ ಪೂರ್ತಿ ಅರಗದೆ ಕುರುಡುಗರುಳಿಗೆ ಹೋಗಿ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಹಬ್ಬವಾಗುತ್ತದೆ. ಹೊಟ್ಟೆ ಉಬ್ಬಿದೆಯೋ, ಒಳಗೆ ಅಡ್ಡ ಸಿಕ್ಕಿದೆಯೋ ಎಂದು ಡಾಕ್ಟರು ಕೈಯಿಟ್ಟು ನೋಡುವವರೆಗೆ ಬಲವಂತವಾಗಿ ಏನೂ ತಿನ್ನಿಸಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು.

ಕುಮಟಾದ ಸದಸ್ಯರೊಬ್ಬರು:
ನಮ್ಮನೆ ಮೊಲ ಅನ್ನ, ದೋಸೆ ಎಲ್ಲ ತಿಂದು ಆರಾಮಾಗೇ ಇತ್ತು ಮಾರಾಯ್ರೆ. ಇಷ್ಟೆಲ್ಲ ಹೆದರಿಸಬೇಕಾ?

ಪಶುವೈದ್ಯರು:
ನಿಮ್ಮ ಮೊಲ ದೊಡ್ಡದಾಗಿದ್ದಿರಬೇಕು, ಜೊತೆಗೆ ಅಂಗಳದಲ್ಲಿ ಗರಿಕೆ ಮೇಯ್ತಾ ಇದ್ದಿರಬೇಕು. ಅದೃಷ್ಟವೂ ಇತ್ತು ಅನ್ನಿ. ಮರಿಯ ಲೆಕ್ಕವೇ ಬೇರೆ. ತಾಯಿ ಹಾಲು ಕುಡಿಯುವಾಗ ಮರಿಯ ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಅಂಕೆ ಇಳಿದಷ್ಟೂ ಹುಳಿ ಜಾಸ್ತಿ) 5ರಿಂದ 6.5 ಇರುತ್ತದೆ. ಹುಳಿ ಕಮ್ಮಿ, ಆದರೆ ಆ ಹಾಲೇ ರಕ್ಷಣೆ ಕೊಡುತ್ತಿರುತ್ತದೆ. ದೊಡ್ಡದಾದ ಮೇಲೆ ಪಿಎಚ್ 1ರಿಂದ 2ಕ್ಕೆ ಇಳಿದು, ಬಾಯಿಂದ ಹೋದ ರೋಗಾಣು ಹೊಟ್ಟೆಯಲ್ಲೇ ಸುಟ್ಟುಹೋಗುತ್ತದೆ. ಹಾಲು ಬಿಟ್ಟು ಹುಳಿ ಇನ್ನೂ ಏರದ ನಡುವಿನ ಕೆಲವು ವಾರ ಎರಡೂ ಕಡೆಯಿಂದ ಕಾವಲಿಲ್ಲ. ಕನಿಷ್ಠ ಎಂಟು ವಾರ ತಾಯಿಯ ಜೊತೆ ಬಿಡಬೇಕಾದ ಮರಿಗಳನ್ನು ನಾಲ್ಕೈದು ವಾರಕ್ಕೇ ಬೇರ್ಪಡಿಸಿ ಮಾರುತ್ತಾರೆ, ಚಿಕ್ಕದಿದ್ದಷ್ಟು ಮುದ್ದಾಗಿ ಕಾಣ್ತದೆ ಅಂತ. ಅಂಗೈಯಲ್ಲಿ ಕೂರುವ ಮರಿಗೆ ಎರಡು ತಿಂಗಳು ಅಂದರೆ ನಾನು ನಂಬೋದಿಲ್ಲ. ಹಸುವಿನ ಹಾಲು ಆ ಕೊರತೆ ತುಂಬುವುದಿಲ್ಲ, ಭೇದಿ ಹೆಚ್ಚಿಸುತ್ತದೆ ಅಷ್ಟೆ.

ಪ್ರಶ್ನೆ ಕೇಳಿದವರು (ಮರುದಿನ):
ಹಿಕ್ಕೆ ಪರೀಕ್ಷೆಯಲ್ಲಿ ಕಾಕ್ಸಿಡಿಯಾ ಅನ್ನುವ ಪರಾವಲಂಬಿ ಇದೆ ಅಂದರು. ಚರ್ಮದ ಕೆಳಗೆ ಸಲೈನ್ ಕೊಟ್ಟರು, ನೋವಿಗೆ ಇಂಜೆಕ್ಷನ್, ಬಾಯಿಗೆ ಹಾಕಲು ಒಂದು ಔಷಧ ಕೊಟ್ಟಿದ್ದಾರೆ. ಹೊಟ್ಟೆಯಲ್ಲಿ ಅಡ್ಡ ಏನೂ ಇಲ್ಲ, ತಿನ್ನಿಸಿ ಅಂದರು. ರಾತ್ರಿ ನಾಲ್ಕು ಎಸಳು ಗರಿಕೆ ತಿಂದಿತು! ಇದು ಮಗಳಿಗೆ ಹರಡ್ತದಾ?

ಪಶುವೈದ್ಯರು:
ಹರಡುವುದಿಲ್ಲ. ಮೊಲದ ಕಾಕ್ಸಿಡಿಯಾ ಮೊಲಕ್ಕೇ ಸೀಮಿತ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಹೇಗೂ ಇದ್ದದ್ದೇ.

ಔಷಧವನ್ನು ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ, ಮರಿ ಕುಣಿಯಲು ಶುರು ಮಾಡಿತು ಅಂತ ನಡುವೆ ನಿಲ್ಲಿಸಬೇಡಿ. ಪ್ರಮಾಣವನ್ನು ತೂಕ ನೋಡಿ ಲೆಕ್ಕ ಹಾಕುವುದರಿಂದ ಇಲ್ಲಿ ನಾನು ಹೇಳುವುದಿಲ್ಲ, ಬೇರೆಯವರೂ ಹೇಳಬೇಡಿ. ಆದರೆ ಔಷಧಕ್ಕಿಂತ ದೊಡ್ಡ ಕೆಲಸ ನಿಮ್ಮ ಕೈಯಲ್ಲಿದೆ. ಈ ಪರಾವಲಂಬಿಯ ಮೊಟ್ಟೆಯಂಥ ಕೋಶ ಹಿಕ್ಕೆಯ ಜೊತೆ ಹೊರಬಿದ್ದ ಕೂಡಲೇ ರೋಗ ತರುವುದಿಲ್ಲ. ಬೆಚ್ಚಗೆ, ತೇವವಾಗಿ ಒಂದರಿಂದ ಮೂರು ದಿನ ಬಿದ್ದಿದ್ದರೆ ಹಣ್ಣಾಗುತ್ತದೆ, ಆಮೇಲೆ ಮೊಲದ ಬಾಯಿಗೆ ಹೋದರೆ ಮತ್ತೆ ಮೊದಲಿಂದ. ನಮ್ಮ ಮಳೆಗಾಲದ ಗೂಡು ಅದಕ್ಕೆ ಹೇಳಿ ಮಾಡಿಸಿದ ಜಾಗ. ಹಾಗಾಗಿ ದಿನಾ ಗುಡಿಸಲೇಬೇಕು. ಫಿನೈಲು, ಡೆಟಾಲು ಇದರ ಮೇಲೆ ನಡೆಯುವುದಿಲ್ಲ. ಮೊಲವನ್ನು ಬೇರೆ ಕಡೆ ಇಟ್ಟು, ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಗೂಡಿಗೆ ಸುರಿಯಿರಿ, ಆಮೇಲೆ ಒಣಗಿಸಿ. ಕೆಳಗೆ ಸರಿಗೆ ಬಲೆ ಇದ್ದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಆದರೆ ಪಾದ ಹುಣ್ಣಾಗದಂತೆ ಒಂದು ಮೂಲೆಗೆ ಹಲಗೆ ಹಾಕಿ. ತಿನ್ನುವ ಹುಲ್ಲು ನೆಲದಲ್ಲಿ ಬೇಡ, ಗೋಡೆಗೆ ಕಟ್ಟಿ.

ಸಿರಿಂಜಿನಲ್ಲಿ ತಿನ್ನಿಸುವಾಗ ಅಂಗಾತ ಮಲಗಿಸಬೇಡಿ. ಕೂತ ಭಂಗಿಯಲ್ಲೇ ಟವೆಲ್ ಸುತ್ತಿ, ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಖಾಲಿ ಜಾಗ ಇದೆಯಲ್ಲ, ಅಲ್ಲಿಂದ ಚೂರುಚೂರೇ ಹಾಕಿ. ಅಗಿದು ನುಂಗಿದ ಮೇಲೆ ಮುಂದಿನದು. ಅಂಗಡಿಯಲ್ಲಿ ಸಿಗುವ ಮೊಲದ ಆಹಾರದ ಗುಳಿಗೆ (ಪೆಲೆಟ್) ನೀರಲ್ಲಿ ನೆನೆಸಿ ನುಣ್ಣಗೆ ಕಲಸಿದರೆ ಸಾಕು. ಕೋಳಿ ಆಹಾರ ಸಿಗ್ತದೆ ಅಂತ ಅದನ್ನು ಹಾಕಬೇಡಿ, ಅದರಲ್ಲಿ ಸೇರಿಸುವ ಕೆಲವು ಔಷಧಗಳು ಮೊಲಕ್ಕೆ ವಿಷ.

ಸಿದ್ದಾಪುರದ ಸದಸ್ಯರು:
ಡಾಕ್ಟ್ರೇ, ತಿನ್ನಲು ಹುಲ್ಲು ಕೊಡಿ ಅಂತೀರಿ. ಆನ್‌ಲೈನಲ್ಲಿ ಟಿಮೋಥಿ ಹುಲ್ಲಿನ ರೇಟು ನೋಡಿದರೆ ತಲೆ ತಿರುಗ್ತದೆ. ನಮ್ಮ ಕರಡ, ಭತ್ತದ ಹುಲ್ಲು ನಡೆಯೋದಿಲ್ವಾ?

ಪಶುವೈದ್ಯರು:
ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ನಾರಿನ ಹುಲ್ಲೇ ಇರಬೇಕು. ಉದ್ದ ನಾರು ಕರುಳನ್ನು ನೂಕುತ್ತಾ ಇರುತ್ತದೆ, ಹಲ್ಲನ್ನೂ ಸವೆಸುತ್ತದೆ. ಮೊಲದ ಹಲ್ಲು ಜೀವನವಿಡೀ ಬೆಳೆಯುತ್ತದೆ, ಮುಂದಿನದು ವಾರಕ್ಕೆ ಎರಡು ಮೂರು ಮಿಲಿಮೀಟರ್. ಟಿಮೋಥಿಯೇ ಆಗಬೇಕು ಅಂತಿಲ್ಲ. ಬೇಣದಿಂದ (ಹುಲ್ಲುಗಾವಲಿನಿಂದ) ಕೊಯ್ದ ಕರಡ ಹುಲ್ಲು ಆದೀತು, ಆದರೆ ಹೂ ಬಿಡುವ ಮೊದಲು ಕೊಯ್ದು ಒಣಗಿಸಿದ್ದು ಒಳ್ಳೆಯದು. ಪೂರ್ತಿ ಹಣ್ಣಾಗಿ ಕಡ್ಡಿಯಾದದ್ದರಲ್ಲಿ ಸತ್ವ ಇರುವುದಿಲ್ಲ. ಭತ್ತದ ಹುಲ್ಲಿನಲ್ಲಿ ನಾರಿದೆ, ಸತ್ವ ಕಮ್ಮಿ. ಹಾಸಲು ಮತ್ತು ಜಗಿಯಲು ಇಡಿ, ಅದೊಂದನ್ನೇ ನಂಬಬೇಡಿ. ಅಂಗಳದ ಗರಿಕೆಯನ್ನು ಬಿಸಿಲಿದ್ದಾಗ ಕೊಯ್ದು ಒಣಗಿಸಿಟ್ಟರೆ ಅದಕ್ಕಿಂತ ಒಳ್ಳೆಯ ಹುಲ್ಲು ಪೇಟೆಯಲ್ಲೂ ಸಿಗಲಿಕ್ಕಿಲ್ಲ.

ಆಷಾಢ, ಶ್ರಾವಣದ ತೊಂದರೆ ಬೂಸ್ಟು. ಹುಲ್ಲಿನ ಕಂತೆ ಬಿಚ್ಚಿ ಮೂಗಿಗೆ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬಿಳಿ ಧೂಳು ಎದ್ದರೆ ದನಕ್ಕೂ ಬೇಡ, ಮೊಲಕ್ಕಂತೂ ಬೇಡ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಗರಿಗರಿಯಾಗಿ ಉಳಿಯುತ್ತದೆ. ಹಸಿ ಹುಲ್ಲು ಕೊಯ್ದು ಗುಡ್ಡೆ ಹಾಕಿ ಬಿಸಿಯಾದರೆ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ.

ತೋಟದವರಿಗೆ ಒಂದು ಮಾತು. ಕೊಳೆ ರೋಗಕ್ಕೆ ಅಡಿಕೆಗೆ ಬೋರ್ಡೋ ಹೊಡೆಸುತ್ತೀರಲ್ಲ, ಅದು ಮೈಲುತುತ್ತ ಮತ್ತು ಸುಣ್ಣ. ಔಷಧ ಕೆಳಗಿನ ಹುಲ್ಲಿನ ಮೇಲೂ ತೊಟ್ಟಿಕ್ಕಿರುತ್ತದೆ. ಮದ್ದು ಹೊಡೆದ ತೋಟದ ಹುಲ್ಲು, ಕಳೆನಾಶಕ ಹೊಡೆದ ಬದಿಯ ಹುಲ್ಲು ಎರಡೂ ಬಿಟ್ಟುಬಿಡಿ. ಈಗ ಹಲಸಿನ ಕಾಲ, ಸೊಳೆ ಬಿಡಿಸಿ ಉಳಿದ ರೆಚ್ಚೆಯನ್ನು ಕೊಟ್ಟಿಗೆಗೆ ಹಾಕುವಾಗ ಮೊಲದ ಗೂಡಿಗೂ ಎಸೆಯುವವರಿದ್ದಾರೆ. ಅದರ ಸಿಹಿ ಮರಿಗೆ ತಡೆಯುವುದಿಲ್ಲ.

ಕಾರವಾರದ ಸದಸ್ಯರು:
ನಮ್ಮದು ಫ್ಲಾಟು, ಮೊಲ ದೊಡ್ಡದು. ಏಪ್ರಿಲ್‌ನಲ್ಲಿ ಇದೇ ರೀತಿ ತಿನ್ನೋದು ಬಿಟ್ಟಿತ್ತು, ಭೇದಿ ಇರಲಿಲ್ಲ. ಅದೂ ಕಾಕ್ಸಿಡಿಯಾನಾ?

ಪಶುವೈದ್ಯರು:
ಸೆಖೆ ಇರಬಹುದು. ನಿಮ್ಮ ಕಡೆಯ ಕಡಲ ಸೆಖೆಯಲ್ಲಿ 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ. ಅದು ಬೆವರುವುದಿಲ್ಲ, ಮುಖ್ಯವಾಗಿ ಕಿವಿಯಿಂದ ಶಾಖ ಬಿಡಬೇಕು. ತಿನ್ನುವುದು ಕಮ್ಮಿಯಾದರೆ ಕರುಳು ನಿಧಾನವಾಗುತ್ತದೆ, ನಿಧಾನವಾದರೆ ನೋವು, ನೋವಿದ್ದರೆ ಮತ್ತೆ ತಿನ್ನುವುದಿಲ್ಲ. ಮಲಗಲು ತಣ್ಣನೆಯ ಕಲ್ಲಿನ ತುಂಡು ಕೊಡಿ. ಮತ್ತೆ ಹಾಗಾದರೆ ಹಲ್ಲನ್ನೂ ತೋರಿಸಿ, ಹಿಂದಿನ ದವಡೆ ಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚಿದರೂ ಹೀಗೇ ಕಾಣುತ್ತದೆ.

ಯಲ್ಲಾಪುರದ ಸದಸ್ಯರು:
ಬೆಟ್ಟದಲ್ಲಿ ಸೊಪ್ಪು ತರಲು ಹೋದಾಗ ಮೊಲದ ಮರಿ ಸಿಕ್ಕಿದೆ, ತಾಯಿ ಇಲ್ಲ. ಅದಕ್ಕೂ ಇದೇ ಕ್ರಮನಾ?

ಪಶುವೈದ್ಯರು:
ಅದನ್ನು ಸಿಕ್ಕಿದ ಜಾಗದಲ್ಲೇ ಇಟ್ಟು ಬನ್ನಿ, ಇವತ್ತೇ. ಕಾಡು ಮೊಲದ ಮರಿ ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿಟ್ಟುಕೊಂಡೇ ಹುಟ್ಟುತ್ತದೆ. ತಾಯಿ ಹಗಲಲ್ಲಿ ದೂರ ಇದ್ದು ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. ಅದು ಅನಾಥ ಅಲ್ಲ. ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿ.

ಪ್ರಶ್ನೆ ಕೇಳಿದವರು:
ಇವತ್ತು ಗಟ್ಟಿ ಹಿಕ್ಕೆ ಬಂದಿದೆ ಡಾಕ್ಟ್ರೇ, ಹಿಂಭಾಗವೂ ಒಣಗಿದೆ. ಒಡೆದು ನೋಡಿದೆ, ಒಳಗೆ ಹುಲ್ಲಿನ ಪುಡಿ ಮಾತ್ರ. ಇನ್ನು ಕ್ಯಾರೆಟ್ ಯಾವಾಗ ಕೊಡಬಹುದು? ಮಗಳು ದಿನಾ ಕೇಳ್ತಾಳೆ.

ಪಶುವೈದ್ಯರು:
ಒಡೆದು ನೋಡಿದ್ದು ಒಳ್ಳೆಯದಾಯಿತು, ಹಾಗೇ ಇರಬೇಕು. ಈಗ ಹುಲ್ಲು, ನೀರು, ಚೂರು ಪೆಲೆಟ್ ಅಷ್ಟೇ ಸಾಕು. ಹಿಕ್ಕೆ ಒಂದು ವಾರ ಹೀಗೇ ಬಂದರೆ ಒಂದೊಂದೇ ಸೊಪ್ಪು ಶುರು ಮಾಡಿ. ಮೊದಲು ಎರಡು ಎಸಳು ಕೊತ್ತಂಬರಿ, ಕೆಲವು ದಿನ ಬಿಟ್ಟು ಪುದೀನ, ಆಮೇಲೆ ದಾಸವಾಳದ ಎಳೆ ಎಲೆ. ಎರಡು ಹೊಸ ಸೊಪ್ಪು ಒಟ್ಟಿಗೆ ಬೇಡ, ಹೊಟ್ಟೆ ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಕ್ಯಾಬೇಜ್ ಸದ್ಯಕ್ಕೆ ಮರೆತುಬಿಡಿ. ಕ್ಯಾರೆಟ್ಟು ನಾಲ್ಕು ತಿಂಗಳು ತುಂಬಿದ ಮೇಲೆ, ಉಗುರಿನಷ್ಟು ತುಂಡು, ವಾರಕ್ಕೊಂದೆರಡು ಸಲ. ಅಲ್ಲಿಯವರೆಗೆ ಮಗಳಿಗೆ ಬೇರೆ ಕೆಲಸ ಕೊಡಿ: ಅಡುಗೆಮನೆ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗಿ ಕ್ಯಾಲೆಂಡರ್ ಮೇಲೆ ಬರೆಯಲಿ. ಬೆಳೆಯುವ ಮರಿಯ ತೂಕ ಎರಡು ದಿನ ಏರದೆ ನಿಂತರೆ, ಚುರುಕಾಗಿ ಕಂಡರೂ ನನಗೆ ಇಲ್ಲಿ ಬರೆಯಿರಿ.