ಸರದಿಯ ‘ಓವರ್‌ಲೋಡ್’ಗೆ ‘ಅತಿಭಾರ’ ಒಪ್ಪುತ್ತದೆಯೇ?

ಗೆಳೆಯರೆ,

ಸರದಿ ಸಿದ್ಧಾಂತದ (ಕೆಲಸಗಳು ಸಾಲುಗಟ್ಟಿ ಕಾಯುವುದನ್ನು ಲೆಕ್ಕಹಾಕುವ ಗಣಿತದ) ಬರಹಗಳಲ್ಲಿ ಬರುವ ‘ಓವರ್‌ಲೋಡ್’ಗೆ ಯಾವ ಪದ ಹಿಡಿಯಬೇಕು? ‘ಅತಿಭಾರ’ ಎಂದರೆ ಸರ್ವರಿನ ಕೈ ಮೀರಿದ ಕೆಲಸ ಸದಾ ಬರುತ್ತಲೇ ಇದೆ ಅನ್ನಿಸುತ್ತದೆ. ನಾನು ಹೇಳಹೊರಟಿರುವುದು ಬೇರೆ ಸ್ಥಿತಿ. ಸರಾಸರಿ ನೋಡಿದರೆ ಸರ್ವರಿಗೆ ಬೇಕಾದಷ್ಟು ಬಿಡುವಿದೆ. ಆದರೂ ಎಂದೋ ಒಮ್ಮೆ ಕೆಲಸಗಳು ಒತ್ತೊತ್ತಾಗಿ ಬಂದು ಸರದಿ ಮಿತಿ ದಾಟುತ್ತದೆ.

ತೀರಾ ಸರಳ ಮಾದರಿಯನ್ನೇ ನೋಡಿ. ಒಂದೇ ಸರ್ವರು, ಕೆಲಸಗಳು ಬರುವುದು ಪ್ವಾಸಾನ್ ಕ್ರಮದಲ್ಲಿ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಸರಾಸರಿ ದರದಲ್ಲಿ (ಟೆಲಿಫೋನ್ ಕರೆಗಳಿಗೆ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲೇ ಇದನ್ನು ಅನ್ವಯಿಸಿದ್ದರು), ಒಂದು ಕೆಲಸ ಮುಗಿಸಲು ಹಿಡಿಯುವ ಸೇವಾ ಅವಧಿ ಘಾತೀಯ (ಹೆಚ್ಚಿನವು ಚಿಕ್ಕವು, ಕೆಲವು ಮಾತ್ರ ತುಂಬ ದೊಡ್ಡವು). ಸರ್ವರು ಅರ್ಧ ಹೊತ್ತು ಮಾತ್ರ ದುಡಿಯುತ್ತಿದ್ದರೆ, 20 ಅಥವಾ ಹೆಚ್ಚು ಕೆಲಸಗಳು ಸೇರಿರುವ ಸಂಭವನೀಯತೆ 0.5ರ 20ನೇ ಘಾತ, ಅಂದರೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ನೂರರಲ್ಲಿ 90 ಪಾಲು ಹೊತ್ತು ದುಡಿಯುತ್ತಿದ್ದರೆ ಅದೇ ಸಂಖ್ಯೆ ಶೇ. 12ಕ್ಕೆ ಜಿಗಿಯುತ್ತದೆ. ಎರಡೂ ಕಡೆ ಸರ್ವರಿನ ಸಾಮರ್ಥ್ಯ ಸಾಕಷ್ಟಿದೆ. ಇದನ್ನು ‘ಅತಿಭಾರ’ ಎಂದುಬಿಟ್ಟರೆ ಓದುಗರು ಇನ್ನೊಂದು ಸರ್ವರು ಕೊಳ್ಳಿ ಎಂದಾರು, ಕಾಕತಾಳೀಯವಾಗಿ ಕೂಡಿಬಂದ ದಟ್ಟಣೆ ಅವರಿಗೆ ಕಾಣುವುದೇ ಇಲ್ಲ.

‘ಸಂಭವನೀಯತೆ’ ಪಠ್ಯಪುಸ್ತಕದಲ್ಲಿ ನೆಲೆನಿಂತ ಪದ, ಅದರ ತಂಟೆ ಬೇಡ. ‘ರೇರ್’ ಎಂಬುದಕ್ಕೆ ಮಾತ್ರ ಮನಸ್ಸು ಹೊಯ್ದಾಡುತ್ತಿದೆ. ‘ಅಪರೂಪ’ದಲ್ಲಿ ಅಕ್ಕರೆಯ ಛಾಯೆಯಿದೆ, ‘ಅಪರೂಪಕ್ಕೆ ಬಂದಿರಿ’ ಎನ್ನುತ್ತೇವಲ್ಲ. ‘ವಿರಳ’ ಎಂದರೆ ಅಲ್ಲೊಂದು ಇಲ್ಲೊಂದು ಎಂಬ ಅರ್ಥ ಬರುತ್ತದೆ. ಮಿತಿ ಮೀರಿದ ಗಳಿಗೆಗಳಾದರೋ ಬಂದರೆ ಗುಂಪಾಗಿಯೇ ಬರುತ್ತವೆ. ಮೇಲಿನ ಎರಡನೇ ಲೆಕ್ಕದಲ್ಲಿ, ಸರದಿ ಒಮ್ಮೆ 20 ಮುಟ್ಟಿದರೆ ಮತ್ತೆ ಅದರ ಕೆಳಗಿಳಿಯಲು ಸರಾಸರಿ ಹತ್ತು ಸೇವಾ ಅವಧಿಗಳಷ್ಟು ಕಾಲ ಬೇಕು. ಅಷ್ಟರಲ್ಲಿ ಬಂದ ಕೆಲಸಗಳೆಲ್ಲ ಅದೇ ಇಕ್ಕಟ್ಟಿಗೆ ಸಿಕ್ಕಿಬೀಳುತ್ತವೆ.

‘ಉಕ್ಕು’ ಎಂದು ಒಮ್ಮೆ ಯೋಚಿಸಿದೆ. ಹಾಲು ಉಕ್ಕಿದಂತೆ ಇಲ್ಲೂ ಏರಿಕೆ ತಟಕ್ಕನೆ ಆಗುತ್ತದೆ, ಆದರೆ ನಾಮಪದವಾದ ಕೂಡಲೇ ಲೋಹದ ನೆನಪು ಬರುತ್ತದೆ. ಸದ್ಯಕ್ಕೆ ಕ್ರಿಯಾಪದವನ್ನೇ ನೆಚ್ಚಿ ‘ಸರದಿ ಮಿತಿಮೀರುವ ಸಂಭವನೀಯತೆ’ ಎಂದು ಬರೆಯುತ್ತಿದ್ದೇನೆ. ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ.

ಉಳಿದ ತೊಡಕು ಒಂದು. ಮಿತಿ ಮೀರಿದ ಗಳಿಗೆಯಿಂದ ಮತ್ತೆ ಇಳಿಯುವವರೆಗಿನ ಅವಧಿಯನ್ನು ಒಂದೇ ಘಟನೆಯಾಗಿ ಎಣಿಸಬೇಕು. ‘ಹತ್ತು ಲಕ್ಷದಲ್ಲಿ ಒಂದು’ ಹೇಳುವುದು ಕಾಲದ ಪಾಲನ್ನು, ಇಂಥ ಅವಧಿಗಳ ಎಣಿಕೆಯನ್ನಲ್ಲ. ಆ ಅವಧಿಗೆ ‘ಗೊಂಚಲು’ ಎನ್ನಬಹುದೇ? ನಿಮ್ಮ ಕಡೆ ಬೇರೆ ಪದ ಬಳಕೆಯಲ್ಲಿದ್ದರೆ, ವಾಕ್ಯದ ಸಮೇತ ತಿಳಿಸಿ.