ಹೊಳೆಯ ‘ಕರೆಂಟ್’ಗೆ ಏನನ್ನೋಣ?

ತುಂಗೆಯ ಬಗ್ಗೆ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಂಡಗದ್ದೆಯ ಭಾಗದಲ್ಲಿ, ಮಳೆಗಾಲಕ್ಕೆ ನಡುಗಡ್ಡೆಯ ಸುತ್ತ ‘ಕರೆಂಟ್’ ಜೋರಿರುತ್ತದೆ ಎಂಬ ಸಾದಾ ವಾಕ್ಯದ ಹತ್ತಿರ ಕೆಲಸ ನಿಂತಿದೆ.

ಪಠ್ಯಪುಸ್ತಕದ ಪದ ‘ಪ್ರವಾಹ’. ತಂತಿಯೊಳಗಿನದಕ್ಕೆ, ಆಂಪಿಯರ್ ಲೆಕ್ಕಕ್ಕೆ ಅದು ಸರಿ. ಹೊಳೆಗೆ ಹಚ್ಚಿದರೆ ಮಾತ್ರ ಓದುವವರು ನೆರೆ ಬಂತೆಂದುಕೊಳ್ಳುತ್ತಾರೆ, ಪೇಪರಿನವರು ಆ ಪದವನ್ನು ಅದಕ್ಕೇ ಬರೆದುಕೊಟ್ಟುಬಿಟ್ಟಿದ್ದಾರೆ. ‘ಹರಿವು’ ತಪ್ಪಲ್ಲ, ಸಪ್ಪೆ. ಬೇಸಿಗೆಯಲ್ಲಿ ಬಂಡೆಗಳ ಸಂದಿಯಲ್ಲಿ ಜಾರುವುದೂ ಹರಿವೇ. ತೀರ್ಥಹಳ್ಳಿ ಕಡೆ ಈಜಲು ಇಳಿಯುವ ಹುಡುಗರಿಗೆ ದೊಡ್ಡವರು ಹೇಳುವುದು, ‘ಅಲ್ಲಿ ಸೆಳವಿದೆ, ಆಚೆ ಹೋಗ್ಬೇಡ.’ ಮೇಲೆ ನೀರು ಸುಮ್ಮನಿದ್ದಂತೆ ಕಂಡರೂ ಕೆಳಗೆ ಕಾಲು ಎಳೆಯುತ್ತದಲ್ಲ, ಅದು. ನನ್ನ ಓಟು ಇದಕ್ಕೇ. ಚುನಾವಣೆ ಬಂದಾಗ ವರದಿಗಾರರು ಹೇಳುವ ‘ಅಂಡರ್‌ಕರೆಂಟ್’ಗೂ ‘ಒಳಸೆಳವು’ ಚೆನ್ನಾಗಿ ಕೂರುತ್ತದೆ.

ಇಂಗ್ಲಿಷಿನಲ್ಲಿ ಈ ಪದ ಮೊದಲು ಹೊಳೆಯದ್ದೇ. ಮೂಲ ಲ್ಯಾಟಿನ್ನಿನ ‘ಕುರ್ರೆರೆ’, ಅಂದರೆ ಓಡು. 18ನೇ ಶತಮಾನದವರು ವಿದ್ಯುತ್ತನ್ನು ಒಂದು ಬಗೆಯ ದ್ರವವೆಂದು ಎಣಿಸಿದ್ದರು, ಹಾಗಾಗಿ ನೀರಿನ ಪದ ಅದಕ್ಕೂ ಅಂಟಿತು. ಕರೆನ್ಸಿ, ಕರೆಂಟ್ ಅಕೌಂಟು, ಕೆಎಎಸ್ ಓದುವವರ ಕರೆಂಟ್ ಅಫೇರ್ಸ್, ರೈಲಿನ ಕರೆಂಟ್ ಬುಕಿಂಗ್ ಎಲ್ಲ ಅದೇ ಬಳಗ. ಕೇಕಿಗೆ ಹಾಕುವ ಕರಂಟ್ ಮಾತ್ರ ನೆಂಟನಲ್ಲ, ಅದು ಗ್ರೀಸಿನ ಕೊರಿಂಥ್ ಊರಿನ ಹೆಸರು.

ನಮ್ಮಲ್ಲಿ ತಂತಿಯದ್ದೊಂದೇ ಉಳಿದಿದೆ. ತಮಾಷೆಯೆಂದರೆ, 1948ರಲ್ಲಿ ಜೋಗದ ವಿದ್ಯುದಾಗಾರ ಉದ್ಘಾಟನೆಯಾಗಿ, 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು, ಹೊಳೆಯ ಓಟವನ್ನೇ ತಂತಿಗೆ ಹತ್ತಿಸಿದ ಸೀಮೆ ಇದು. ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ. ಗಾಳಿಮಳೆ ಶುರುವಾದರೆ ‘ತೆಗೀತಾರೆ’. ತೋಟದ ಮೋಟಾರು ಎತ್ತದಿದ್ದರೆ ‘ಕರೆಂಟು ಡಿಮ್ಮು’. ಲೆಕ್ಕದ ಪ್ರಕಾರ ಇಳಿದಿರುವುದು ವೋಲ್ಟೇಜು. ಮೋಟಾರು ಆಗ ಇನ್ನೂ ಹೆಚ್ಚು ಕರೆಂಟನ್ನೇ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಆದರೂ ಈ ಮಾತನ್ನು ತಿದ್ದಲು ಹೊರಡುವವರ ಗುಂಪಿಗೆ ನಾನಿಲ್ಲ.

ತೊಡಕು ಇರುವುದು ಇಲ್ಲಿ: ‘ಸೆಳವು’ ಅಂದೊಡನೆ ಅಪಾಯದ ಛಾಯೆ ಬರುತ್ತದೆ. ಅದೇ ಬರಹದಲ್ಲಿ ಮುಂದೆ, ಕೂಡಲಿ ಹತ್ತಿರ, ಒಣಗಿದೆಲೆಯೊಂದು ನಿಧಾನಕ್ಕೆ ಸಾಗಿಹೋಗುವಷ್ಟೇ ‘ಕರೆಂಟ್’ ಇದೆ. ಇಂಥ ಮೆಲುಓಟಕ್ಕೆ ದೋಣಿಯವರು, ಬಲೆ ಬಿಡುವವರು ಬೇರೆ ಏನಾದರೂ ಅನ್ನುತ್ತಾರೆಯೇ? ಸಾಗರ, ಹೊಸನಗರದ ಹಿನ್ನೀರಿನ ಕಡೆಯವರು ಗೊತ್ತಿದ್ದರೆ ತಿಳಿಸಿ.