ಮಾತು ಕೊಟ್ಟು ಹೊರಹಾಕಿದವನಿಗೇ ಜ್ಯೂರಿ ಮತ ಕೊಡಬೇಕೇ? ಜ್ಯೂರಿಯಲ್ಲಿ ಕುಳಿತವರ ಅನುಭವ ಬೇಕು

ಆರನೇ ಸ್ಥಾನ:
ಗೆಳೆಯರೆಲ್ಲ ಸೇರಿ, ಅಮೆರಿಕದ ‘ಸರ್ವೈವರ್’ ರಿಯಾಲಿಟಿ ಷೋ ಮಾದರಿಯಲ್ಲಿ ಮತ ಹಾಕಿ ಒಬ್ಬೊಬ್ಬರನ್ನೇ ಹೊರಹಾಕುವ ಆಟವೊಂದನ್ನು ಸಂದೇಶಗಳ ಮೂಲಕವೇ ಆಡುತ್ತಿದ್ದೇವೆ. ಮೂವರು ಫೈನಲ್ ತಲುಪಿದ್ದಾರೆ. ಹೊರಬಿದ್ದವರೇ ಸೇರಿ ವಿಜೇತರನ್ನು ಆರಿಸುವ ಎಂಟು ಜನರ ಜ್ಯೂರಿಯಲ್ಲಿ ನಾನೂ ಒಬ್ಬಳು. ಒಬ್ಬ ಫೈನಲಿಸ್ಟ್ ಕೊನೆಯವರೆಗೂ ಜೊತೆಗಿರುತ್ತೇನೆಂದು ಮಾತು ಕೊಟ್ಟು, ಆರು ಜನ ಉಳಿದಿದ್ದಾಗ ನನ್ನನ್ನೇ ಹೊರಹಾಕಿದ. ಆದರೆ ಆಟದ ಪ್ರತಿ ತಿರುವಿನ ಹಿಂದೆಯೂ ಅವನೇ ಇದ್ದ ಎಂಬುದು ನಿಜ. ಇನ್ನೊಬ್ಬಳು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಅವಳಾಗಿ ಏನು ಮಾಡಿದಳು ಎಂದು ಕೇಳಿದರೆ ಹೇಳಲು ನನಗೆ ತೋಚುತ್ತಿಲ್ಲ. ಮೂರನೆಯವನಿಗೆ ಯಾರೂ ಮತ ಹಾಕುವುದಿಲ್ಲ. ನಾಳೆ ರಾತ್ರಿ ಮತದಾನ. ನೀವೆಲ್ಲ ಹೇಗೆ ತೀರ್ಮಾನಿಸಿದಿರಿ ಎಂದು ದಯವಿಟ್ಟು ತಿಳಿಸಿ.

ಕೊನೆಯ ಕುರ್ಚಿ:
ಆಡಿದವನಿಗೆ ಮತ ಹಾಕಿ. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ, ಆದರೂ ನನಗಾದ ಅನ್ಯಾಯವನ್ನು ಹೇಳಿಬಿಡುತ್ತೇನೆ. ಇಂಥದೇ ಆಟವೊಂದರಲ್ಲಿ ನಾನು ಫೈನಲ್ ತಲುಪಿ 6-1ರಿಂದ ಸೋತೆ. ಎರಡು ತಂಡಗಳು ಒಂದಾದ ಮೇಲೆ ಯಾರು ಯಾವಾಗ ಹೊರಹೋಗಬೇಕೆಂಬುದು ನಾನು ಎಣಿಸಿದ ಕ್ರಮದಲ್ಲೇ ನಡೆದಿತ್ತು. ಯಾರಿಗೆ ಏನು ಹೇಳಿದ್ದೇನೆ ಎಂಬುದಕ್ಕೆ ಬಣ್ಣ ಹಚ್ಚಿದ ಕೋಷ್ಟಕವನ್ನೇ ಇಟ್ಟಿದ್ದೆ: ಕೆಂಪು ಎಂದರೆ ಶುದ್ಧ ಸುಳ್ಳು, ಹಳದಿ ಎಂದರೆ ಅರ್ಧ ಸತ್ಯ, ಹಸಿರು ಎಂದರೆ ಮುಂದೆ ಉಪಯೋಗಕ್ಕೆ ಬರಬಹುದಾದ ಸತ್ಯ. ಊಟದ ತಟ್ಟೆಯ ಪಕ್ಕದಲ್ಲಿ ಫೋನು, ಸ್ನಾನದ ಕೋಣೆಯ ಬಾಗಿಲಾಚೆ ಫೋನು, ನಸುಕಿನವರೆಗೂ ಕರೆಗಳು. ನಿದ್ದೆಗೆಟ್ಟು ಕಚೇರಿಯಲ್ಲಿ ತೂಕಡಿಸಿ ಬೈಸಿಕೊಂಡದ್ದು ಬೇರೆ. ಫೈನಲ್ ದಿನ ಒಂದೊಂದೇ ಎಲಿಮಿನೇಷನ್ನನ್ನು ಪುರಾವೆಯೊಂದಿಗೆ ವಿವರಿಸಿದೆ. ಆಗ ಜ್ಯೂರಿಯ ಒಬ್ಬಾಕೆ, ತಾನು ಹೊರಹೋದ ರಾತ್ರಿ ಬರೆದ ಉದ್ದನೆಯ ವಿದಾಯದ ಸಂದೇಶಕ್ಕೆ ನಾನು ಏನು ಉತ್ತರ ಕೊಟ್ಟೆ ಎಂದು ಕೇಳಿದರು. ಹೆಬ್ಬೆರಳಿನ ಚಿಹ್ನೆಯೊಂದನ್ನು ಕಳುಹಿಸಿದ್ದೆನಂತೆ! ಆಟಕ್ಕೂ ಅದಕ್ಕೂ ಏನು ಸಂಬಂಧ? ಅದನ್ನೇ ನೆಪ ಮಾಡಿಕೊಂಡು, ಇಡೀ ಆಟದಲ್ಲಿ ನಾನು ಹೇಳಿದಂತೆ ಮತ ಹಾಕುತ್ತಿದ್ದವನೊಬ್ಬನನ್ನು ಗೆಲ್ಲಿಸಿದರು. ‘ಸರ್ವೈವರ್’ನ 2009ರ ಸಮೋವಾ ಸೀಸನ್ನಿನಲ್ಲಿ, ಒಂದು ಸುಳಿವೂ ಇಲ್ಲದೆ ಐಡಲ್ (ಹೊರಬೀಳದಂತೆ ಕಾಯುವ, ಬಚ್ಚಿಟ್ಟ ವಸ್ತು) ಹುಡುಕಿ ತೆಗೆದ ರಸೆಲ್ ಹ್ಯಾಂಟ್ಜ್‌ನನ್ನು ಬಿಟ್ಟು ನಟಾಲಿ ವೈಟ್‌ಗೆ 7-2ರಿಂದ ಪಟ್ಟ ಕಟ್ಟಿದರಲ್ಲ, ಅದೇ ಕಥೆ.

ಹಿಂದಿನ ಸಾಲಿನ ಜ್ಯೂರರ್:
ರಸೆಲ್ ಹೆಸರು ಎತ್ತಿದವರು ಪೂರ್ತಿ ಹೇಳಬೇಕಿತ್ತು. 2010ರ ‘ಹೀರೋಸ್ ವರ್ಸಸ್ ವಿಲನ್ಸ್’ ಸೀಸನ್ನಿನಲ್ಲಿ ಅದೇ ಮನುಷ್ಯ ಮತ್ತೆ ಫೈನಲ್ ತಲುಪಿದ, ಸಾಂಡ್ರಾ ಡಯಾಜ್-ಟ್ವೈನ್‌ಗೆ ಆರು ಮತ, ಪಾರ್ವತಿ ಶಾಲೋಗೆ ಮೂರು, ಅವನಿಗೆ ಸೊನ್ನೆ. ಚಿತ್ರೀಕರಣದ ಹೊತ್ತಿಗೆ ಸಮೋವಾ ಸೀಸನ್ ಪ್ರಸಾರವೇ ಆಗಿರಲಿಲ್ಲವಾದ್ದರಿಂದ, ಅವನ ಹಿಂದಿನ ಆಟವನ್ನು ಆ ಜ್ಯೂರಿ ನೋಡಿಯೂ ಇರಲಿಲ್ಲ. ಎರಡು ಬೇರೆ ಬೇರೆ ಜ್ಯೂರಿಗಳು ಒಂದೇ ಮಾತು ಹೇಳಿದರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು.

ನಾನು ಜ್ಯೂರಿಯಲ್ಲಿ ಕುಳಿತಾಗ ನನ್ನನ್ನು ಹೊರಹಾಕಿದ ‘ಮಹಾ ತಂತ್ರಗಾರ’ನಿಗೆ ಮತ ಹಾಕಲಿಲ್ಲ, ಆ ಬಗ್ಗೆ ನನಗೆ ಹೆಮ್ಮೆಯಿದೆ. ಆತ ನನಗೆ ಸುಳ್ಳು ಹೇಳಿದನೆಂಬುದು ಕಾರಣವಲ್ಲ, ನಾನೂ ಹೇಳಿದ್ದೆ. ಸುಳ್ಳು ಹೇಳಿದ ಮೇಲೆ ನನ್ನನ್ನು ದಡ್ಡಿಯೆಂದು ಉಳಿದವರ ಮುಂದೆ ನಕ್ಕಿದ್ದ, ಆ ನಗು ಧ್ವನಿಸಂದೇಶದಲ್ಲಿ ನನ್ನವರೆಗೂ ಬಂದಿತ್ತು. ಗೆದ್ದಾಕೆ ನನ್ನ ವಿರುದ್ಧವೇ ಮತ ಹಾಕಿದವಳು. ಆದರೆ ಫಲಿತಾಂಶ ಹೊರಬಿದ್ದ ಕೂಡಲೇ ಕರೆ ಮಾಡಿ, ಏಕೆ ಹಾಕಿದೆ ಎಂದು ಸುತ್ತಿ ಬಳಸದೆ ಹೇಳಿದಳು. ಏಳು ಮತ ಬೇಕಾದವನಿಗೆ ಏಳು ಜನರೊಂದಿಗೆ ಮಾತಾಡುವುದೂ ತಂತ್ರದ ಭಾಗವೇ. ಇದಕ್ಕೆ ತೆತ್ತದ್ದೂ ಉಂಟು. ಸೋತವನು ನನ್ನ ಹಳೆಯ ಗೆಳೆಯ. ಇಂದಿಗೂ ನನ್ನ ಸಂದೇಶಗಳ ಕೆಳಗೆ ಎರಡು ನೀಲಿ ಗೆರೆಗಳು ಬೀಳುತ್ತವೆ, ಉತ್ತರ ಬರುವುದಿಲ್ಲ.

ಕೊನೆಯ ಕುರ್ಚಿ:
ಹಾಗಾದರೆ ಅದು ಆಟವಲ್ಲ, ಯಾರು ಹೆಚ್ಚು ಸಿಹಿಯಾಗಿ ಮಾತಾಡುತ್ತಾರೆ ಎಂಬ ಸ್ಪರ್ಧೆ. ನಿಮ್ಮ ಗೆಳೆಯ ಉತ್ತರ ಕೊಡದಿರುವುದೇ ಸರಿಯಾಗಿದೆ.

ಹಿಂದಿನ ಸಾಲಿನ ಜ್ಯೂರರ್:
ಈ ಮಾತಿನ ಧಾಟಿ ನೋಡಿದರೆ ಆ ಒಂದು ಮತವಾದರೂ ಹೇಗೆ ಸಿಕ್ಕಿತೆಂದು ಆಶ್ಚರ್ಯವಾಗುತ್ತದೆ.

ಸೂತ್ರಧಾರ:
ಆಡುವವರ ಗೋಳನ್ನು ಕೇಳಿದ್ದಾಯಿತು, ಆಡಿಸುವವನದನ್ನೂ ಕೇಳಿ. ಜ್ಯೂರಿ ಹಾಳಾಗುವುದು ಮತದಾನದ ದಿನವಲ್ಲ, ಅದಕ್ಕೆ ಬಹಳ ಮುಂಚೆ. ಅಮೆರಿಕದ ‘ಬಿಗ್ ಬ್ರದರ್’ನ ಮೂರನೇ ಸೀಸನ್ನಿನಲ್ಲಿ, ಅಂದರೆ 2002ರಲ್ಲಿ, ಹೊರಬಿದ್ದವರು ತಮ್ಮ ತಮ್ಮ ಮನೆಗೆ ಹೋಗಿ, ಫೈನಲಿಸ್ಟ್ ಡೇನಿಯಲ್ ರೇಯಸ್ ಡೈರಿ ರೂಮಿನಲ್ಲಿ (ಕ್ಯಾಮೆರಾ ಮುಂದೆ ಒಬ್ಬರೇ ಮಾತಾಡುವ ಕೋಣೆಯಲ್ಲಿ) ತಮ್ಮ ಬಗ್ಗೆ ಆಡಿದ್ದನ್ನೆಲ್ಲ ಟಿ.ವಿ.ಯಲ್ಲಿ ನೋಡಿ ಬಂದು ಮತ ಹಾಕಿದರು. ಆಕೆ ಲೀಸಾ ಡೊನಾಹ್ಯೂ ಎದುರು 9-1ರಿಂದ ಸೋತರು. ಮುಂದಿನ ಸೀಸನ್ನಿನಿಂದ ಜ್ಯೂರಿಯನ್ನು ಹೊರಜಗತ್ತಿನಿಂದ ಬೇರೆಯಾಗಿಯೇ ಇಡತೊಡಗಿದರು.

ಇದನ್ನು ತಿಳಿದೇ ನಾನು ಜ್ಯೂರಿಗೆ ಪ್ರತ್ಯೇಕ ಗುಂಪು ಮಾಡಿದೆ, ಆಟದ ಗುಂಪಿನಿಂದ ತೆಗೆದೆ, ಆಟಗಾರರು ನನಗೆ ಒಪ್ಪಿಸುವ ಗುಟ್ಟಿನ ಮಾತುಗಳನ್ನು ಯಾರಿಗೂ ತೋರಿಸಲಿಲ್ಲ. ಆದರೂ ಮೊದಲು ಹೊರಹೋದವನೊಬ್ಬ ಫೈನಲಿಸ್ಟ್‌ನ ಹಳೆಯ ಸಂದೇಶಗಳ ಚಿತ್ರಗಳನ್ನು ಒಬ್ಬೊಬ್ಬರಿಗೇ ಕಳುಹಿಸಿ, ತನಗಾದ ಗಾಯವನ್ನು ಇಡೀ ಜ್ಯೂರಿಗೆ ಹಂಚಿದ. ಫಲಿತಾಂಶ ಬಂದ ಮೇಲೆ ಬೈಗುಳ ನನಗೆ. ಬಹುಮಾನಕ್ಕೆಂದು ಕೊಟ್ಟ ಪಾಲನ್ನು ಒಬ್ಬರು ವಾಪಸು ಕೇಳಿದರು. ಇನ್ನೊಬ್ಬರು ಮತಗಳನ್ನು ಓದಿದ ಕ್ರಮದಲ್ಲೇ ಪಕ್ಷಪಾತವಿತ್ತೆಂದು ಪುಟಗಟ್ಟಲೆ ಬರೆದರು. ಅತ್ತ ಕೊನೆಯ ಟಾಸ್ಕಿಗೆಂದು ರಾತ್ರಿ ಕುಳಿತು ನಾನು ಮಾಡಿದ್ದ ಒಗಟಿನ ಹಲಗೆಯನ್ನು ಯಾರೂ ನೆನೆಯಲಿಲ್ಲ.

ಲೆಕ್ಕದ ಪುಸ್ತಕ:
ಭಾವನೆಗೆ ಎಡೆಯೇ ಇಲ್ಲದಂತೆ ಮಾಡಬಹುದು. ನಾನು ಜ್ಯೂರಿಯಲ್ಲಿದ್ದಾಗ ತಂತ್ರ, ಸಂಬಂಧ, ಟಾಸ್ಕ್ ಎಂದು ವಿಭಾಗ ಮಾಡಿ ಅಂಕ ಹಾಕಿದೆ; ಹೊರಹೋಗುವ ಅಪಾಯವನ್ನು ಎಷ್ಟು ಸಲ ಎದುರಿಸಿ ಉಳಿದರು ಎಂಬುದಕ್ಕೆ ಬೇರೆ ಅಂಕ, ಬೇರೆಯವರು ಕೊಟ್ಟ ಐಡಲ್‌ಗೆ ಅರ್ಧ ಅಂಕ. ಕೊನೆಗೆ ಬಂದ ಮೊತ್ತಕ್ಕೆ ಕಣ್ಣು ಮುಚ್ಚಿ ಮತ ಹಾಕಿದೆ. ನನ್ನ ಲೆಕ್ಕದಲ್ಲಿ ಗೆಲ್ಲಬೇಕಾದವರು ಸೋತರು, ಅದು ಲೆಕ್ಕದ ತಪ್ಪಲ್ಲ. ಇಂಥ ಲೆಕ್ಕವಿದ್ದಿದ್ದರೆ, ಹೊರಬಿದ್ದವರೂ ಬೇರೆ ಕಡೆ ಉಳಿದು ಆಟಕ್ಕೆ ಮರಳಬಹುದಾಗಿದ್ದ 2019ರ ‘ಎಡ್ಜ್ ಆಫ್ ಎಕ್ಸ್‌ಟಿಂಕ್ಷನ್’ ಸೀಸನ್ನಿನಲ್ಲಿ ಕ್ರಿಸ್ ಅಂಡರ್‌ವುಡ್ ಗೆಲ್ಲುತ್ತಲೇ ಇರಲಿಲ್ಲ. ಮೂರನೆಯವನಾಗಿ ಹೊರಬಿದ್ದು, ಆಟದ ಬಹುಪಾಲು ಆಟದಾಚೆಯೇ ಕಳೆದವನಿಗೆ 9-4-0!

ಹಿಂದಿನ ಸಾಲಿನ ಜ್ಯೂರರ್:
ಆ ಬಹುಪಾಲನ್ನು ಅವನು ಕಳೆದದ್ದು ಮುಂದೆ ಜ್ಯೂರಿಯಾಗುವವರ ಜೊತೆಯಲ್ಲೇ ಎಂಬುದನ್ನು ನಿಮ್ಮ ಪುಸ್ತಕ ಯಾವ ವಿಭಾಗದಲ್ಲಿ ಬರೆದುಕೊಂಡಿದೆ? ಹಿಂತಿರುಗಿದವನು ಕೊನೆಯ ಇಮ್ಯುನಿಟಿಯನ್ನು (ಹೊರಬೀಳದಂತೆ ಕಾಯುವ ರಕ್ಷಣೆಯನ್ನು) ಗೆದ್ದು, ಅದನ್ನು ಕೈಯಾರೆ ಬಿಟ್ಟುಕೊಟ್ಟು, ರಿಕ್ ಡೆವೆನ್ಸ್ ಎದುರು, ಸೋತವರು ಹೊರಹೋಗುವ ಬೆಂಕಿ ಹೊತ್ತಿಸುವ ಪಂದ್ಯಕ್ಕೆ ತಾನೇ ಕುಳಿತ. ತಾನು ಯಾರ ಮುಂದೆ ಏನನ್ನು ಸಾಬೀತು ಮಾಡಬೇಕೆಂದು ತಿಳಿದವನು ಮಾತ್ರ ಹಾಗೆ ಮಾಡುತ್ತಾನೆ.

ಲೆಕ್ಕದ ಪುಸ್ತಕ:
ಅದು ನಿಯಮದ ಲೋಪ, ಅವನ ಗುಣವಲ್ಲ. ಉಳಿದ ಫೈನಲಿಸ್ಟುಗಳಿಗೆ ಜ್ಯೂರಿಯೊಂದಿಗೆ ಒಂದೇ ಗುಡಾರದಲ್ಲಿ ಮಲಗುವ ಅವಕಾಶ ಎಲ್ಲಿತ್ತು? ಒಂದೂ ಎಲಿಮಿನೇಷನ್ ಕಾಣದೆ ಕೊನೆ ತಲುಪಿದ ಗ್ಯಾವಿನ್ ವಿಟ್ಸನ್‌ಗೆ ಹೊರಬೀಳದಿರುವುದೇ ಶಿಕ್ಷೆಯಾಯಿತು.

ಕೊನೆಯ ಕುರ್ಚಿ:
ಲೆಕ್ಕದ ಪುಸ್ತಕದವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಅವರ ಕೋಷ್ಟಕವನ್ನೊಮ್ಮೆ ನೋಡಬೇಕೆಂಬ ಆಸೆಯೂ ಇದೆ.

ಆರನೇ ಸ್ಥಾನ:
ಎಲ್ಲರಿಗೂ ವಂದನೆಗಳು. ನನ್ನ ಪ್ರಶ್ನೆ ಮುಖ್ಯವಾಗಿ ಆ ಎರಡನೆಯವಳ ಬಗ್ಗೆ. ಕಣ್ಣಿಗೆ ಬೀಳದ ಆಟವನ್ನು ಅಳೆಯುವುದು ಹೇಗೆ?

ಹಿಂದಿನ ಸಾಲಿನ ಜ್ಯೂರರ್:
ಜ್ಯೂರಿಯ ಉಳಿದವರನ್ನೇ ಕೇಳಿ: ಅವಳು ನಿಮ್ಮಿಂದ ಏನನ್ನು ಮಾಡಿಸಿದಳು? ಮತ್ತೆ ಸಮೋವಾಕ್ಕೇ ಬರುತ್ತೇನೆ. ತಂಡಗಳು ಒಂದಾದಾಗ ಗಾಲು ತಂಡದ ಕಡೆ ಎಂಟು ಜನ, ನಟಾಲಿಯ ಫೊವಾ ಫೊವಾ ತಂಡದ ಕಡೆ ನಾಲ್ವರು. ಗಾಲುವಿನ ಹೆಂಗಸರ ಕಿವಿಯಲ್ಲಿ ಮಾತು ಹಾಕಿ, ಅವರ ಕಡೆಯವನೇ ಆದ ಎರಿಕ್ ಕಾರ್ಡೋನಾ ಐಡಲ್ ಕಿಸೆಯಲ್ಲಿಟ್ಟುಕೊಂಡೇ ಹೊರಹೋಗುವಂತೆ ಮಾಡಿದವಳು ನಟಾಲಿ. ಫೈನಲ್‌ನಲ್ಲಿ ಅವಳ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನೂ ಅದೇ ಎರಿಕ್. ಇದಕ್ಕೆ ಏನೂ ಮಾಡದಿರುವುದು ಎಂದು ಹೆಸರಿಡುವವರಿಗೆ ನನ್ನ ಬಳಿ ಉತ್ತರವಿಲ್ಲ.

ಕೊನೆಯ ಕುರ್ಚಿ:
ಒಂದು ಎಲಿಮಿನೇಷನ್! ಉಳಿದವನ್ನೆಲ್ಲ ಯಾರು ಮಾಡಿದರು ಎಂಬುದನ್ನೂ ಬರೆಯಿರಿ.

ಸೂತ್ರಧಾರ:
ನೀವಿಬ್ಬರೂ ಸಮೋವಾದಲ್ಲೇ ಇರಿ. ಪ್ರಶ್ನೆ ಕೇಳಿದವರಿಗೆ ಒಂದು ಎಚ್ಚರಿಕೆ: ಎಂಟು ಜನರ ಜ್ಯೂರಿ 4-4 ಆಗಬಹುದು. 2018ರ ‘ಗೋಸ್ಟ್ ಐಲ್ಯಾಂಡ್’ನಲ್ಲಿ ವೆಂಡೆಲ್ ಹಾಲಂಡ್ ಮತ್ತು ಡೊಮಿನಿಕ್ ಅಬೇಟ್ 5-5ರಲ್ಲಿ ಸಮವಾದಾಗ, ಒಂದೂ ಮತ ಬಾರದ ಮೂರನೇ ಫೈನಲಿಸ್ಟ್ ಲಾರೆಲ್ ಜಾನ್ಸನ್ ತೀರ್ಮಾನದ ಮತ ಹಾಕಿ ವೆಂಡೆಲ್‌ನನ್ನು ಗೆಲ್ಲಿಸಿದರು. ಮೂರನೆಯವನಿಗೆ ಯಾರೂ ಮತ ಹಾಕುವುದಿಲ್ಲ ಎಂದಿರಿ. ನಾಳೆ ಆಟದ ಕೀಲಿಕೈ ಅವನ ಕೈಗೇ ಹೋಗಬಹುದು. ಸಮವಾದರೆ ಏನೆಂಬುದನ್ನು ಮತ ಎಣಿಸುವ ಮೊದಲೇ ನಿಮ್ಮ ಆಟ ನಡೆಸುವವರಿಂದ ಬರೆಸಿಕೊಳ್ಳಿ, ಅವನ ಮತವನ್ನೂ ಮುಚ್ಚಿದ ಲಕೋಟೆಯಲ್ಲಿ ಮೊದಲೇ ತೆಗೆದುಕೊಳ್ಳಲು ಹೇಳಿ. ನಾನು ಹಾಗೆಯೇ ಮಾಡುತ್ತೇನೆ, ಅದರ ಮೇಲೆ ಈವರೆಗೆ ಯಾರೂ ಬೆರಳು ತೋರಿಸಿಲ್ಲ.

ಲೆಕ್ಕದ ಪುಸ್ತಕ:
ಆ ಲಕೋಟೆ ಮತ ಎಣಿಸುವವರೆಗೆ ಯಾರ ಬಳಿ ಇರುತ್ತದೆ ಸ್ವಾಮಿ? ನಿಮ್ಮ ಬಳಿಯೇ ತಾನೆ?